ಎಸಿಎಲ್ ಆಪರೇಷನ್‌ಗೆ ಒಪ್ಪುವ ಮುಂಚೆ ಮಂಡಿಚಿಪ್ಪಿನ ಬಗ್ಗೆ ಕೇಳಿ

ನನ್ನ ತಮ್ಮ ಟೈಲ್ಸ್ ಹಾಕುವವನು. ಕೆಲಸ ಅಂದರೆ ದಿನವಿಡೀ ಮಂಡಿಯೂರಿಯೇ ಇರಬೇಕು. ಕಬಡ್ಡಿ ಆಡುವಾಗ ಮಂಡಿ ತಿರುಚಿ ಎಸಿಎಲ್, ಅಂದರೆ ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಲಿಗಮೆಂಟ್ (ಗಟ್ಟಿ ಪಟ್ಟಿ), ಹರಿಯಿತು, ಆಪರೇಷನ್ ಆಯಿತು. ಲಿಗಮೆಂಟ್ ಈಗ ಗಟ್ಟಿಯಾಗಿದೆ. ಆದರೆ ವರ್ಷ ಕಳೆದರೂ ನೆಲಕ್ಕೆ ಮಂಡಿ ಊರಿದ ಕೂಡಲೇ ಚಿಪ್ಪಿನ ಕೆಳಗೆ ಚುಚ್ಚಿದ ಹಾಗೆ ನೋವು.

ಹರಿದ ಎಸಿಎಲ್‌ಗೆ ಹೊಲಿಗೆ ಹಾಕಿ ಬಿಡುವುದು ಕಡಿಮೆ. ಸಾಮಾನ್ಯವಾಗಿ ನಮ್ಮದೇ ಮೈಯಿಂದ ಬೇರೊಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು ಆ ಜಾಗದಲ್ಲಿ ಕೂರಿಸುತ್ತಾರೆ. ಇದೇ ಗ್ರಾಫ್ಟ್. ತಮ್ಮನಿಗೆ ತೆಗೆದದ್ದು ಚಿಪ್ಪಿನಿಂದ ಮಂಡಿಯ ಕೆಳಗಿನ ಕಾಲಿನ ಮೂಳೆಗೆ ಇಳಿಯುವ ಪಟೆಲ್ಲಾರ್ ಟೆಂಡನ್‌ನ ನಡುವಿನ ಪಟ್ಟಿ, ಸುಮಾರು 10 ಮಿಲಿಮೀಟರ್ ಅಗಲದ್ದು. ಅದರ ಜೊತೆ ಚಿಪ್ಪಿನಿಂದ ಒಂದು ಚೂರು ಮೂಳೆ, ಆ ಕೆಳಗಿನ ಮೂಳೆಯಿಂದ ಇನ್ನೊಂದು ಚೂರು. ಮೂಳೆಗೆ ಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತದೆ ಅಂತ ಆಟಗಾರರಿಗೆ ಇದನ್ನು ಹೆಚ್ಚಾಗಿ ಆರಿಸುತ್ತಾರೆ. ಒಳ್ಳೆಯ ಗ್ರಾಫ್ಟೇ. ಆದರೆ ಮಂಡಿಯೂರಿದಾಗ ನೋವು ಬರುವುದು ಇದರಲ್ಲಿ ಜಾಸ್ತಿ. ಅಪರೂಪಕ್ಕೆ ಚಿಪ್ಪೇ ಮುರಿಯುವುದೂ ಉಂಟು. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಟೆಂಡನ್ ತೆಗೆದರೆ ಈ ಕಾಟ ಕಡಿಮೆ. ಏನು ಕೆಲಸ ಮಾಡುತ್ತೀಯಪ್ಪಾ ಅಂತ ಆ ಆಸ್ಪತ್ರೆಯಲ್ಲಿ ಒಬ್ಬರೂ ಕೇಳಲಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ.

ಆಮೇಲಾದರೂ ಸರಿಯಾಗಿ ನೋಡಿಕೊಂಡರಾ? ಬ್ರೇಸ್ (ಮಂಡಿ ಅಲುಗದಂತೆ ಹಿಡಿಯುವ ಪಟ್ಟಿ) ಹಾಕಿ ರೆಸ್ಟ್ ತಗೊಳ್ಳಿ ಅಂತ ಕಳಿಸಿಬಿಟ್ಟರು. ಫಿಸಿಯೋ ಹತ್ತಿರ ಹೋಗುವಷ್ಟರಲ್ಲಿ ತೊಡೆ ಸೊರಗಿತ್ತು, ಮಂಡಿ ಪೂರ್ತಿ ನೇರ ಆಗುತ್ತಿರಲಿಲ್ಲ. ಅವರು ಎರಡು ಬೆರಳಲ್ಲಿ ಚಿಪ್ಪು ಹಿಡಿದು ಪಕ್ಕಕ್ಕೆ ತಳ್ಳಿ ತೋರಿಸಿದರು. ಒಳ್ಳೆಯ ಕಾಲಿನ ಚಿಪ್ಪು ಸಲೀಸಾಗಿ ಜಾರಿತು. ಆಪರೇಷನ್ ಆದ ಕಾಲಿನದು ಅಂಟು ಹಾಕಿದ ಹಾಗೆ ಅಲುಗಲೇ ಇಲ್ಲ. ಒಳಗೆ ಗಾಯದ ಅಂಗಾಂಶ ಗಟ್ಟಿಯಾಗಿ ಚಿಪ್ಪನ್ನು ಹಿಡಿದುಕೊಂಡಿರುತ್ತದಂತೆ. ಕೆಲವರಲ್ಲಿ ಅದು ಚಿಪ್ಪನ್ನು ಕೆಳಕ್ಕೂ ಎಳೆಯುತ್ತದೆ. ಆಗ ಮೆಟ್ಟಿಲು ಹತ್ತಿ ಇಳಿಯುವುದೂ ಕಷ್ಟ.

ಹಾಗಾಗಿ ಗ್ರಾಫ್ಟ್ ಎಲ್ಲಿಂದ ತೆಗೆಯುತ್ತೀರಿ ಅಂತ ಮೊದಲೇ ಕೇಳಿ. ನಮಾಜ್ ಮಾಡುವವರು, ಗಾರೆ ಕೆಲಸದವರು, ನೆಲದಲ್ಲಿ ಕೂತು ದುಡಿಯುವವರು ಅದನ್ನು ಬಾಯಿಬಿಟ್ಟು ಹೇಳಿ. ಫಿಸಿಯೋ ಯಾವತ್ತಿನಿಂದ, ಯಾರು ಮಾಡಿಸುತ್ತಾರೆ ಅನ್ನುವುದೂ ಆಪರೇಷನ್‌ಗೆ ಮುಂಚೆಯೇ ಗೊತ್ತಾಗಬೇಕು. ಮಂಡಿ ಪೂರ್ತಿ ನೇರ ಮಾಡುವುದು, ತೊಡೆ ಬಿಗಿ ಹಿಡಿಯುವುದು ಸಾಮಾನ್ಯವಾಗಿ ಮೊದಲ ದಿನಗಳಲ್ಲೇ ಶುರುವಾಗುತ್ತದೆ. ಚಿಪ್ಪು ಅಲುಗಿಸುವುದನ್ನು ಫಿಸಿಯೋ ಹತ್ತಿರವೇ ಕಲಿಯಿರಿ. ಗಾಯದ ಪಕ್ಕ ಚರ್ಮ ಜೋಮು ಹಿಡಿದಂತಿದ್ದರೆ ಗಾಬರಿ ಬೇಡ, ಅದು ತುಂಬ ಜನರಿಗೆ ಆಗುತ್ತದೆ. ಆದರೆ ವಾರಗಳು ಕಳೆದರೂ ಮಂಡಿ ನೇರ ಆಗದಿದ್ದಾಗ "ಟೈಮ್ ಹಿಡಿಯುತ್ತೆ" ಅಂತ ಸುಮ್ನೆ ಕಳಿಸಿದರೆ, ಇನ್ನೊಬ್ಬ ಮೂಳೆ ಡಾಕ್ಟರಿಗೆ ತೋರಿಸಿ.