ಗಲಾಪಗೋಸ್ ಕ್ರೂಸ್: ದುಡ್ಡು ಕಟ್ಟುವ ಮುಂಚೆ ಬೋಟಿನ ಹೆಸರು ಕೇಳಿ

ಈಕ್ವೆಡಾರ್ ದೇಶದ ಗಲಾಪಗೋಸ್ ದ್ವೀಪಗಳಿಗೆ ಹೋಗಬೇಕು ಅಂತ ದುಡ್ಡು ಕೂಡಿಡುತ್ತಿರುವವರು ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ. ಫೆಬ್ರವರಿಯಲ್ಲಿ ನಾನು, ನನ್ನ ತಮ್ಮ ಇಬ್ಬರೂ ಹೋಗಿ ಬಂದೆವು. ದ್ವೀಪಗಳ ಬಗ್ಗೆ ನನ್ನ ದೂರು ಏನೂ ಇಲ್ಲ. ದೂರು ಇರುವುದು ನಮಗೆ ಕ್ರೂಸ್ ಮಾರಿದ ಏಜೆಂಟ್ ಮೇಲೆ. ಅರ್ಧ ದೂರು ನನ್ನ ಮೇಲೂ ಇದೆ, ಅದನ್ನೂ ಹೇಳುತ್ತೇನೆ.

ತಮ್ಮನಿಗೆ ಹಕ್ಕಿಗಳ ಹುಚ್ಚು. ಅವನ ನೋಟ್‌ಬುಕ್‌ನಲ್ಲಿ ಮೂರು ಹೆಸರುಗಳಿಗೆ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದ. ಆಲ್ಬಟ್ರಾಸ್, ಕೆಂಪು ಕಾಲಿನ ಬೂಬಿ, ಹಾರಲು ಬಾರದ ನೀರುಕಾಗೆ. ಏಜೆಂಟ್ ಕಳಿಸಿದ ಜಾಹೀರಾತಿನಲ್ಲಿ ಈ ಮೂರರ ಫೋಟೊಗಳೂ ಇದ್ದವು. ಐದು ದಿನ, ನಾಲ್ಕು ರಾತ್ರಿ. ಎರಡು ಹೊಟ್ಟೆಯ ಚೆಂದದ ಕ್ಯಾಟಮರಾನ್ ಬೋಟು, ದೊಡ್ಡ ಕಿಟಕಿ, ಕಿಟಕಿಯಾಚೆ ನೀಲಿ ಸಮುದ್ರ. ದಿನಗಳ ಪಟ್ಟಿಯಲ್ಲಿ ಜೆನೊವೇಸಾ ದ್ವೀಪದ ಹೆಸರಿತ್ತು, ಕೆಂಪು ಕಾಲಿನ ಬೂಬಿಗಳಿಗೆ ಹೆಸರಾದ ದ್ವೀಪ ಅದು. "ಕೊನೆಯ ಎರಡೇ ಕ್ಯಾಬಿನ್ ಉಳಿದಿವೆ, ಎಲ್ಲಾ ಸೇರಿ ಇಷ್ಟು" ಅಂದರು. ಕಾರ್ಡ್‌ನಲ್ಲಿ ಕಟ್ಟಿದರೆ ಜಾಸ್ತಿ ಆಗುತ್ತೆ, ಬ್ಯಾಂಕಿಗೆ ನೇರವಾಗಿ ಹಾಕಿ ಅಂದರು. ಹಾಕಿದೆ.

ಹೊರಡಲು ಹತ್ತು ದಿನ ಇರುವಾಗ ಒಂದು ಮೇಲ್ ಬಂತು. ತಾಂತ್ರಿಕ ಕಾರಣದಿಂದ ಆ ಬೋಟು ಸಿಗುವುದಿಲ್ಲ, ಅದೇ ದರ್ಜೆಯ ಬೇರೆ ಬೋಟಿನಲ್ಲಿ ನಿಮಗೆ ಜಾಗ ಮಾಡಿದ್ದೇವೆ, ಉಳಿದಿದ್ದೆಲ್ಲ ಹಾಗೆಯೇ ಇರುತ್ತದೆ. ನಾನು "ಆಯ್ತು, ಥ್ಯಾಂಕ್ಸ್" ಅಂತ ಒಂದು ಸಾಲು ಬರೆದು ಬಟ್ಟೆ ಪ್ಯಾಕ್ ಮಾಡಲು ಹೋದೆ. ನಾನು ಕೆಟ್ಟಿದ್ದು ಆ ಒಂದು ಸಾಲಿನಲ್ಲಿ.

ಯಾಕೆ ಅಂತ ಹೇಳುತ್ತೇನೆ. ನಾನು ಏನೆಂದುಕೊಂಡಿದ್ದೆ ಅಂದರೆ, ಬಸ್ ಕೆಟ್ಟರೆ ಬೇರೆ ಬಸ್ ಬರುತ್ತೆ, ಊರು ಅದೇ ಇರುತ್ತೆ ಅಲ್ವಾ, ಹಾಗೇ ಇದೂ ಅಂತ. ಗಲಾಪಗೋಸ್‌ನಲ್ಲಿ ಹಾಗಲ್ಲ. ಅಲ್ಲಿ ಯಾವ ಬೋಟು ಯಾವ ದಿನ ಯಾವ ದ್ವೀಪದ ಯಾವ ಜಾಗದಲ್ಲಿ ಜನರನ್ನು ಇಳಿಸಬೇಕು ಅನ್ನುವುದನ್ನು ನ್ಯಾಷನಲ್ ಪಾರ್ಕ್ ನಿಗದಿ ಮಾಡುತ್ತದೆ. 2012ರಿಂದ ಒಂದು ನಿಯಮ ಇದೆ. ಒಂದು ಬೋಟು ಒಂದೇ ಜಾಗಕ್ಕೆ 14 ದಿನದೊಳಗೆ ಎರಡನೇ ಸಲ ಹೋಗುವಂತಿಲ್ಲ. ಒಂದೇ ಕಡೆ ಜನ ಜಾಸ್ತಿ ಆಗದಿರಲಿ ಅಂತ ಮಾಡಿದ್ದು, ಒಳ್ಳೆಯ ನಿಯಮವೇ. ಹಾಗಾಗಿ ಪ್ರತಿ ಬೋಟಿಗೂ 15 ದಿನದ ಒಂದು ಸುತ್ತು ಇರುತ್ತದೆ. ಆ ಸುತ್ತನ್ನು ನಾಲ್ಕು ದಿನ, ಐದು ದಿನ, ಎಂಟು ದಿನದ ತುಂಡುಗಳಾಗಿ ಕತ್ತರಿಸಿ ನಮಗೆ ಮಾರುತ್ತಾರೆ. ಅಂದರೆ ಬೋಟು ಬದಲಾಯಿತು ಅಂದರೆ ಸುತ್ತೇ ಬದಲಾಯಿತು, ನೋಡುವ ದ್ವೀಪಗಳೇ ಬದಲಾದವು. "ಉಳಿದಿದ್ದೆಲ್ಲ ಹಾಗೆಯೇ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ನನಗೆ ಅದು ಗೊತ್ತಿರಲಿಲ್ಲ. ಏಜೆಂಟ್‌ಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ.

ಮೊದಲ ಹೊಡೆತ ಸಣ್ಣದು. "ಎಲ್ಲಾ ಸೇರಿ" ಅಂದಿದ್ದರಲ್ಲ, ಅದರಲ್ಲಿ ಪಾರ್ಕ್ ಪ್ರವೇಶ ಶುಲ್ಕ ಸೇರಿರಲಿಲ್ಲ. ಹೆಚ್ಚಿನ ದೇಶಗಳ ವಯಸ್ಕರಿಗೆ ಅದು ತಲೆಗೆ 200 ಡಾಲರ್. 2024ರ ಆಗಸ್ಟ್‌ವರೆಗೆ 100 ಇತ್ತು, ಆಮೇಲೆ ಎರಡರಷ್ಟಾಯಿತು. ರಾಜಧಾನಿ ಕ್ವಿಟೋದ ವಿಮಾನ ನಿಲ್ದಾಣದಲ್ಲಿ, ದ್ವೀಪಗಳಿಗೆ ಹೋಗಲು ತೆಗೆದುಕೊಳ್ಳಬೇಕಾದ ಟ್ರಾನ್ಸಿಟ್ ಕಾರ್ಡಿಗೆ ಇನ್ನೂ 20. ಈಕ್ವೆಡಾರ್‌ನಲ್ಲಿ ಅಮೆರಿಕದ ಡಾಲರೇ ನಡೆಯುತ್ತದೆ, ಅದನ್ನು ನೋಟಿನಲ್ಲೇ ಇಟ್ಟುಕೊಂಡು ಹೋಗಿ. ಬಾಲ್ಟ್ರಾ ದ್ವೀಪದಲ್ಲಿ ವಿಮಾನ ಇಳಿದು ಸಾಲಿನಲ್ಲಿ ನಿಂತಾಗ ನನ್ನ ಪರ್ಸ್, ತಮ್ಮನ ಪರ್ಸ್ ಎರಡನ್ನೂ ಖಾಲಿ ಮಾಡಿ ಎಣಿಸಿ ಕೊಟ್ಟೆವು.

ಬೋಟು ನೋಡಿದಾಗ ಸುಮ್ನೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕ್ಯಾಟಮರಾನ್ ಅಲ್ಲ, ಒಂದೇ ಹೊಟ್ಟೆಯ ಹಳೇ ಬೋಟು. ನಮ್ಮ ಕ್ಯಾಬಿನ್ ಕೆಳಗಿನ ಅಂತಸ್ತಿನಲ್ಲಿ, ಮುಂಭಾಗದಲ್ಲಿ. ತಟ್ಟೆಯಷ್ಟು ಅಗಲದ ಒಂದು ಗುಂಡು ಗಾಜು, ತೆರೆಯಲು ಬರುವುದಿಲ್ಲ. ಡೀಸೆಲ್ ವಾಸನೆ ದಿಂಬಿನೊಳಗೂ ಹೊಕ್ಕಿತ್ತು. ಲಂಗರಿನ ಸರಪಳಿ ಇರುವುದು ನಮ್ಮ ತಲೆಯ ಹತ್ತಿರದ ಗೋಡೆಯಾಚೆ ಅಂತ ರಾತ್ರಿ ಎರಡು ಗಂಟೆಗೆ ಗೊತ್ತಾಯಿತು. ಮೊದಲು ಎಂಜಿನ್ ಗುರ್ ಅಂದಿತು, ಮಂಚ ನಡುಗಿತು. ಆಮೇಲೆ ಸರಪಳಿ ಮೇಲೆಳೆಯುವ ಸದ್ದು. ಯಾರೋ ಕಬ್ಬಿಣದ ಬಿಂದಿಗೆಗಳನ್ನು ಒಂದೊಂದಾಗಿ ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ. ತಮ್ಮ ಎದ್ದು ಕೂತು "ಅಕ್ಕಾ, ಮುಳುಗ್ತಿದೀವಾ?" ಅಂದ. ಬೋಟುಗಳು ರಾತ್ರಿ ಹೊತ್ತು ಚಲಿಸುವುದು ಅಲ್ಲಿ ಮಾಮೂಲು, ಬೆಳಿಗ್ಗೆ ಹೊಸ ಜಾಗದಲ್ಲಿ ಇರಬೇಕಲ್ಲ. ಅದಕ್ಕೇ ಹೇಳುವುದು, ಕ್ಯಾಬಿನ್ ಎಲ್ಲಿದೆ ಅಂತ ಬೋಟಿನ ನಕ್ಷೆ ತರಿಸಿಕೊಂಡು ನೋಡಿ. ಹೊಟ್ಟೆ ತೊಳೆಸುವ ಸಮಸ್ಯೆ ಇದ್ದರೆ ಮುಂಭಾಗದ ಕ್ಯಾಬಿನ್ ಬೇಡವೇ ಬೇಡ, ಮಧ್ಯದ್ದು ಕೇಳಿ. ನಾವು ಹೋದಾಗ ಸಮುದ್ರ ತಕ್ಕಮಟ್ಟಿಗೆ ಶಾಂತವಾಗಿತ್ತು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಲೆ ಜೋರು. ಆ ಕ್ಯಾಬಿನ್‌ನಲ್ಲಿ ಆಗ ಮಲಗುವವರ ಪಾಡು ದೇವರೇ ಬಲ್ಲ.

ಆದರೆ ನಿಜವಾದ ಹೊಡೆತ ಬಿದ್ದಿದ್ದು ಮಲಗುವ ಮುಂಚೆಯೇ, ಮೊದಲ ಸಂಜೆ. ಊಟದ ಮೇಜಿನ ಹತ್ತಿರ ಗೈಡ್ ಮರುದಿನದ ಕಾರ್ಯಕ್ರಮ ಹೇಳುತ್ತಿದ್ದರು. ತಮ್ಮ ಕೈ ಎತ್ತಿ ಕೇಳಿದ: "ಜೆನೊವೇಸಾ ಯಾವತ್ತು?"

ಗೈಡ್ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಫೈಲಿನಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. ಹದಿನೈದು ಚೌಕ. ಪ್ರತಿ ಚೌಕದಲ್ಲಿ ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ಒಂದು ಜಾಗ. ಅವರ ಬೆರಳು ಐದು ಚೌಕಗಳ ಮೇಲೆ ಜಾರಿತು. "ನಿಮ್ಮದು ಇದು" ಅಂದರು. ನಾರ್ತ್ ಸೀಮೋರ್, ಬಾರ್ತೊಲೊಮೆ, ಸ್ಯಾಂಟಿಯಾಗೊ, ಸಾಂತಾ ಕ್ರೂಸ್. ಆಮೇಲೆ ಬೆರಳು ಹಾಳೆಯ ಇನ್ನೊಂದು ಮೂಲೆಗೆ ಹೋಯಿತು. "ಜೆನೊವೇಸಾ ಇಲ್ಲಿದೆ. ಆಗ ನೀವು ಮನೆಯಲ್ಲಿ ಇರುತ್ತೀರಿ."

ಪಾಪ, ಅವರ ತಪ್ಪೇನೂ ಇಲ್ಲ. ಪ್ರತಿ ವಾರ ಯಾರಾದರೂ ಒಬ್ಬರು ಹೀಗೇ ಕೇಳುತ್ತಾರೆ ಅಂತ ಆಮೇಲೆ ಹೇಳಿದರು.

"ಆಲ್ಬಟ್ರಾಸ್?" ಅಂದ ತಮ್ಮ, ಕೊನೇ ಆಸೆ.

ಅದಂತೂ ಬೇರೆ ಬೋಟಿನಲ್ಲಿ ಹೋಗಿದ್ದರೂ ಆಗುತ್ತಿರಲಿಲ್ಲ. ಗಲಾಪಗೋಸ್‌ನ ಆ ಜಾತಿಯ ಆಲ್ಬಟ್ರಾಸ್‌ಗಳು ಹೆಚ್ಚುಕಡಿಮೆ ಎಲ್ಲವೂ ಮರಿ ಮಾಡುವುದು ಎಸ್ಪಾನ್ಯೋಲಾ ಅನ್ನುವ ಒಂದೇ ದ್ವೀಪದಲ್ಲಿ. ಏಪ್ರಿಲ್ ಹೊತ್ತಿಗೆ ಬರುತ್ತವೆ, ಡಿಸೆಂಬರ್‌ವರೆಗೆ ಇರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಎಲ್ಲವೂ ಸಮುದ್ರದ ಮೇಲೆ, ಪೆರುವಿನ ಕರಾವಳಿಯ ಕಡೆ ಮೀನು ಹುಡುಕಿಕೊಂಡು ತಿರುಗುತ್ತಿರುತ್ತವೆ. ಫೆಬ್ರವರಿಯ ಟ್ರಿಪ್ಪಿಗೆ ಆಲ್ಬಟ್ರಾಸ್ ಫೋಟೊ ಹಾಕಿ ಮಾರಿದ್ದರು! ಇನ್ನು ಆ ನೀರುಕಾಗೆ ಇರುವುದು ಪಶ್ಚಿಮದ ಫರ್ನಾಂಡಿನಾದಲ್ಲಿ ಮತ್ತು ಇಸಬೆಲಾ ದ್ವೀಪದ ಉತ್ತರ, ಪಶ್ಚಿಮ ಕರಾವಳಿಯಲ್ಲಿ ಮಾತ್ರ. ಜೆನೊವೇಸಾ ಈಶಾನ್ಯದ ತುದಿ, ಎಸ್ಪಾನ್ಯೋಲಾ ಆಗ್ನೇಯದ ತುದಿ, ಫರ್ನಾಂಡಿನಾ ಪಶ್ಚಿಮದ ತುದಿ. ರಾತ್ರಿ ತಮ್ಮ ಫೋನಿನಲ್ಲಿ ಮ್ಯಾಪ್ ತೆಗೆದು ತೋರಿಸಿದ. "ಅಕ್ಕಾ, ಇದನ್ನ ಮನೇಲೇ ನೋಡಬಹುದಿತ್ತಲ್ವಾ?" ನೋಡಬಹುದಿತ್ತು. ನಾವಿಬ್ಬರೂ ನೋಡಿದ್ದು ಫೋಟೊಗಳನ್ನು.

ಇನ್ನೂ ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ನಾರ್ತ್ ಸೀಮೋರ್, ಬಾರ್ತೊಲೊಮೆ ಎರಡನ್ನೂ ಸಾಂತಾ ಕ್ರೂಸ್ ದ್ವೀಪದ ಪುಯೆರ್ಟೊ ಅಯೋರಾ ಊರಿನಲ್ಲಿ ಒಂದು ರೂಮು ಮಾಡಿಕೊಂಡು, ಬೆಳಿಗ್ಗೆ ಹೋಗಿ ಸಂಜೆ ಬರುವ ಟ್ರಿಪ್‌ನಲ್ಲೇ ನೋಡಬಹುದು. ಸಾಂತಾ ಕ್ರೂಸ್‌ನ ಗುಡ್ಡದ ಮೇಲಿನ ದೈತ್ಯ ಆಮೆಗಳಿಗಂತೂ ಬೋಟೇ ಬೇಡ, ಟ್ಯಾಕ್ಸಿ ಸಾಕು. ರಾತ್ರಿ ಬೋಟಿನಲ್ಲೇ ಇರುವ ಕ್ರೂಸಿಗೆ ಅಷ್ಟೊಂದು ದುಡ್ಡು ಕೊಡುವುದು ದೂರದ ದ್ವೀಪಗಳಿಗಾಗಿ. ನಾವು ಕ್ರೂಸಿನ ದುಡ್ಡು ಕೊಟ್ಟು ಹತ್ತಿರದವನ್ನೇ ಸುತ್ತಿ ಬಂದೆವು.

ದಿನಗಳ ಲೆಕ್ಕವನ್ನೂ ನೋಡಿ. ಮೊದಲ ದಿನ ಅಂದರೆ ವಿಮಾನ ಇಳಿದು, ಬೋಟು ಹತ್ತಿ, ಊಟ ಮುಗಿದ ಮೇಲೆ ಉಳಿಯುವ ಮಧ್ಯಾಹ್ನ. ಐದನೇ ದಿನ ಅಂದರೆ ಬೆಳಿಗ್ಗೆ ಕಾಂಡ್ಲಾ ಕಾಡಿನ ಒಂದು ಕೊಲ್ಲಿಯಲ್ಲಿ ಚಿಕ್ಕ ಸುತ್ತು, ಆಮೇಲೆ ನೇರ ಏರ್‌ಪೋರ್ಟ್. ಮೂರನೇ ದಿನ ಬೋಟು ವಾಪಸ್ ಬಾಲ್ಟ್ರಾಗೆ ಬಂತು. ಕೆಲವರ ಟ್ರಿಪ್ ಅಲ್ಲಿಗೆ ಮುಗಿಯಿತು, ಹೊಸಬರು ಹತ್ತಬೇಕು, ಡೀಸೆಲ್ ತುಂಬಬೇಕು. ನಾವು ಬಿಸಿಲಲ್ಲಿ ಡೆಕ್ ಮೇಲೆ ಕೂತು ಪೈಪು ನೋಡುತ್ತಾ ಅರ್ಧ ದಿನ ಕಳೆದೆವು. ಐದು ದಿನದಲ್ಲಿ ಕೈಗೆ ಸಿಕ್ಕಿದ್ದು ಸುಮಾರು ಮೂರು ದಿನ ಅಷ್ಟೇ. ಜನ ಬದಲಾಯಿಸುವ ದಿನ ನಿಮ್ಮ ತುಂಡಿನ ಮಧ್ಯೆ ಬರುತ್ತದೆಯೇ ಅಂತ ಮೊದಲೇ ಕೇಳಿ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ಒಂದು ವಿಷಯದಲ್ಲಿ ನನಗೆ ನಿಜಕ್ಕೂ ಭಯ ಆಯಿತು. ಬೋಟಿನಿಂದ ದಡಕ್ಕೆ ಕರೆದೊಯ್ಯಲು ಪಂಗಾ ಅಂತ ಚಿಕ್ಕ ದೋಣಿ ಇರುತ್ತದೆ. ಅದರಲ್ಲಿ ಕೂರುವಾಗ ಹಾಕಿಕೊಳ್ಳುವ ಲೈಫ್ ಜಾಕೆಟ್ ನನಗೆ ಕೊಟ್ಟಿದ್ದರಲ್ಲಿ ಬಕಲ್ ಮುರಿದಿತ್ತು. ಯಾರೋ ನೈಲಾನ್ ಹಗ್ಗ ಹಾಕಿ ಗಂಟು ಬಿಗಿದಿದ್ದರು. ಆ ಗಂಟು ಹೊಸದಲ್ಲ, ಉಪ್ಪು ಹಿಡಿದು ಬೆಳ್ಳಗಾಗಿತ್ತು. ಎಷ್ಟು ತಿಂಗಳಿಂದ ಹಾಗೇ ಇತ್ತೋ! ಅಪಾಯ ಬಂದರೆ ಎಲ್ಲಿ ಸೇರಬೇಕು, ಹೇಗೆ ಇಳಿಯಬೇಕು ಅನ್ನುವುದನ್ನು ಹೇಳಿದ್ದು ಎರಡನೇ ದಿನ, ಅದೂ ಇಬ್ಬರು ಕೇಳಿದ ಮೇಲೆ. ಇಂಥ ಕಡೆ ಸಂಕೋಚ ಬೇಡ. ಹತ್ತಿದ ತಕ್ಷಣ ನಿಮ್ಮ ಕ್ಯಾಬಿನ್‌ನ ಜಾಕೆಟ್ ತೆಗೆದು ಹಾಕಿ ನೋಡಿ. ಸರಿ ಇಲ್ಲದಿದ್ದರೆ ಬೋಟು ಹೊರಡುವ ಮುಂಚೆ ಬೇರೆ ಕೇಳಿ.

ಒಳ್ಳೆಯದೂ ಇತ್ತು, ಹೇಳದಿದ್ದರೆ ತಪ್ಪಾಗುತ್ತದೆ. ಬಾರ್ತೊಲೊಮೆ ಹತ್ತಿರ ನೀರಿಗಿಳಿದಾಗ ಒಂದು ಪೆಂಗ್ವಿನ್ ನನ್ನ ಮಾಸ್ಕಿನ ಮುಂದೆ ಬಾಣದ ಹಾಗೆ ಹೋಯಿತು. ಪೆಂಗ್ವಿನ್! ಭೂಮಧ್ಯರೇಖೆಯ ಪಕ್ಕದಲ್ಲಿ! ಆಮೇಲೆ ಹತ್ತು ನಿಮಿಷ ನನಗೆ ಏಜೆಂಟ್ ನೆನಪೇ ಬರಲಿಲ್ಲ. ಗೈಡ್ ಕೂಡ ಅಪ್ಪಟ. ಬೋಟು ಇಳಿಸುವ ಪಾರ್ಕಿನ ಜಾಗಗಳಲ್ಲಿ ಪರವಾನಗಿ ಇರುವ ಗೈಡ್ ಇಲ್ಲದೆ ಕಾಲಿಡುವಂತಿಲ್ಲ, ಒಬ್ಬ ಗೈಡ್‌ಗೆ 16 ಜನಕ್ಕಿಂತ ಹೆಚ್ಚು ಇರುವಂತಿಲ್ಲ, ಪ್ರಾಣಿಗಳಿಂದ ಎರಡು ಮೀಟರ್ ದೂರ ಇರಬೇಕು. ನಾರ್ತ್ ಸೀಮೋರ್‌ನಲ್ಲಿ ಕಡಲಸಿಂಹದ ಮರಿಯೊಂದು ತಾನಾಗಿ ಬಂದು ನನ್ನ ಚಪ್ಪಲಿ ಮೂಸಿತು. ನಾನು ಕಲ್ಲಾಗಿ ನಿಂತೆ. "ನೀವು ಹಿಂದೆ ಸರೀರಿ ಅಮ್ಮಾ, ಅದಕ್ಕೆ ರೂಲ್ಸ್ ಗೊತ್ತಿಲ್ಲ" ಅನ್ನುವ ಧಾಟಿಯಲ್ಲಿ ನಕ್ಕರು ಅವರು. ಈಗ ನೆನಪಾಗುತ್ತದೆ, ಏಜೆಂಟ್ ಕಳಿಸಿದ್ದ ಫೋಟೊಗಳಲ್ಲಿ ಒಬ್ಬ ಪ್ರವಾಸಿ ಕಡಲಸಿಂಹದ ಬೆನ್ನು ಸವರುತ್ತಿದ್ದ. ಆ ಫೋಟೊ ನೋಡಿದಾಗಲೇ ನಾನು ಬೇರೆ ಏಜೆಂಟ್ ಹುಡುಕಬೇಕಿತ್ತು.

ಮನೆಗೆ ಬಂದು ಏಜೆಂಟ್‌ಗೆ ಬರೆದೆ. ಉತ್ತರ: ಹವಾಮಾನ ಮತ್ತು ಪಾರ್ಕಿನ ನಿಯಮಗಳಿಂದ ಮಾರ್ಗ ಬದಲಾಗಬಹುದು ಅಂತ ಷರತ್ತಿನಲ್ಲಿ ಇದೆ. ನಮ್ಮ ಐದು ದಿನವೂ ಹವಾಮಾನ ಚೆನ್ನಾಗಿಯೇ ಇತ್ತು. ಮಾರ್ಗವೂ ಬದಲಾಗಲಿಲ್ಲ. ಆ ಹದಿನೈದು ಚೌಕದ ಹಾಳೆ ನಾವು ಬರುವ ಎಷ್ಟೋ ಮೊದಲೇ ಪ್ರಿಂಟ್ ಆಗಿತ್ತು. ಬದಲಾಗಿದ್ದು ಬೋಟು, ಬದಲಾಯಿಸಿದ್ದು ಅವರು. ಇದನ್ನು ಮೂರು ಸಲ ಬರೆದೆ, ಮೂರು ಸಲವೂ ಅದೇ ಉತ್ತರ. ನಮ್ಮ ಹಾಗೆಯೇ ಮೋಸ ಹೋಗಿದ್ದ ಸಹಪ್ರಯಾಣಿಕರೊಬ್ಬರು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರು. ಅವರು ತಮ್ಮ ಬ್ಯಾಂಕಿಗೆ ದೂರು ಕೊಟ್ಟು ಒಂದಷ್ಟು ದುಡ್ಡು ವಾಪಸ್ ಪಡೆದರು. ನೇರವಾಗಿ ಅಕೌಂಟಿಗೆ ಹಾಕಿದ ನನಗೆ ಆ ದಾರಿಯೂ ಇರಲಿಲ್ಲ. ಕಾರ್ಡಿಗೆ ನಾಲ್ಕು ಕಾಸು ಜಾಸ್ತಿ ಆದರೂ ಕಾರ್ಡಿನಲ್ಲೇ ಕಟ್ಟಿ.

ನೀವು ಹೋಗುವುದಾದರೆ ಏಜೆಂಟ್ ಹತ್ತಿರ ಮೊದಲು ಬೋಟಿನ ಹೆಸರು ಬರೆಸಿಕೊಳ್ಳಿ. ಆಮೇಲೆ ನಿಮ್ಮ ತಾರೀಖುಗಳಿಗೆ ಆ ಬೋಟಿಗೆ ಪಾರ್ಕ್ ಕೊಟ್ಟಿರುವ ಮಾರ್ಗ ಕೇಳಿ, ಬೆಳಿಗ್ಗೆ ಮಧ್ಯಾಹ್ನದ ಜಾಗಗಳ ಹೆಸರಿನ ಸಮೇತ. ಅದನ್ನು ಮ್ಯಾಪ್ ಪಕ್ಕ ಇಟ್ಟು ನೋಡಿ, ನಿಮಗೆ ಬೇಕಾದ ಪ್ರಾಣಿ ಆ ದ್ವೀಪದಲ್ಲಿ ಆ ತಿಂಗಳು ಇರುತ್ತದೆಯೇ ಅಂತ ತಾಳೆ ಹಾಕಿ. "ಅದೇ ದರ್ಜೆಯ ಬೇರೆ ಬೋಟು" ಅನ್ನುವ ಷರತ್ತು ಇದ್ದರೆ, ಬೋಟು ಬದಲಾದರೆ ಪೂರ್ತಿ ದುಡ್ಡು ವಾಪಸ್ ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಎದ್ದು ಬನ್ನಿ. ಮುಖ್ಯವಾಗಿ, ಹೊರಡುವ ಹತ್ತು ದಿನ ಮುಂಚೆ ಬರುವ ಮೇಲ್‌ಗೆ "ಆಯ್ತು, ಥ್ಯಾಂಕ್ಸ್" ಅಂತ ಬರೆಯಬೇಡಿ. ಒಪ್ಪಿಗೆ ಕೊಟ್ಟಿದ್ದೀರಿ ಅಂತ ನನ್ನ ಆ ಒಂದು ಸಾಲನ್ನೇ ನನಗೆ ತಿರುಗಿಸಿ ತೋರಿಸಿದರು.

ಕೊನೆಗೆ ಕಾಟ ತಾಳಲಾರದೆ ಇರಬೇಕು, ಒಂದು ಕೂಪನ್ ಕಳಿಸಿದರು. ಮುಂದಿನ ಕ್ರೂಸಿನಲ್ಲಿ 150 ಡಾಲರ್ ರಿಯಾಯಿತಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಜನವರಿಯಿಂದ ಮಾರ್ಚ್‌ವರೆಗಿನ ಪ್ರಯಾಣಕ್ಕೆ ಮಾತ್ರ ಅಂತ ಇತ್ತು. ತಮ್ಮ ಅದನ್ನು ಎರಡು ಸಲ ಓದಿದ. "ನೋಡಕ್ಕಾ, ಆಲ್ಬಟ್ರಾಸ್ ಇಲ್ಲದ ಮೂರು ತಿಂಗಳನ್ನೇ ಹುಡುಕಿ ಕೊಟ್ಟಿದ್ದಾರೆ" ಅಂದ.