ಕೃತಜ್ಞತೆಯ ಸಾಧನೆ: ಬೌದ್ಧ ಮಾರ್ಗ ಮತ್ತು ಕ್ಯಾಥೊಲಿಕ್ ಮಾರ್ಗ

ಕೃತಜ್ಞತೆಯನ್ನು ನಿತ್ಯಸಾಧನೆಯಾಗಿ ಕೈಗೊಳ್ಳಬಯಸುವ ನಮ್ಮ ಬೆಳಗಾವಿ, ಬಾಗಲಕೋಟೆ ಭಾಗದ ಓದುಗರು ಮೊದಲು ನಿರ್ಧರಿಸಬೇಕಾದದ್ದು, ಆ ಕೃತಜ್ಞತೆ ಯಾರಿಗೆ ಸಲ್ಲಬೇಕು ಎಂಬುದನ್ನು.

ಕ್ಯಾಥೊಲಿಕರಲ್ಲಿ ಅದು ದೇವರಿಗೆ ಸಲ್ಲುತ್ತದೆ. ಬದುಕೇ ಆತನ ವರವೆಂಬ ನಂಬಿಕೆಯಿಂದ ಬಲಿಪೂಜೆಯಲ್ಲಿಯೂ (ಚರ್ಚಿನ ಮಾಸ್ ಆರಾಧನೆ) ಊಟದ ಮುನ್ನಿನ ಪ್ರಾರ್ಥನೆಯಲ್ಲಿಯೂ ವಂದನೆ ಅರ್ಪಿತವಾಗುತ್ತದೆ. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ (1491–1556) ಬೋಧಿಸಿದ ಆತ್ಮಪರೀಕ್ಷೆಯಲ್ಲಿ, ಅಂದರೆ ದಿನದ ನಡೆಯನ್ನು ಪ್ರಾರ್ಥನೆಯಲ್ಲಿ ಅವಲೋಕಿಸುವ ಸಾಧನೆಯಲ್ಲಿ, ಪಡೆದ ಉಪಕಾರಗಳಿಗಾಗಿ ದೇವರನ್ನು ವಂದಿಸುವುದೇ ಮೊದಲ ಹೆಜ್ಜೆ, ತಪ್ಪುಗಳ ಪರಿಶೀಲನೆ ಅನಂತರದ್ದು. ಕುಗ್ಗಿದ ಮನಸ್ಸಿಗೆ ಈ ಕ್ರಮ ನಿಜಕ್ಕೂ ಆಸರೆಯಾಗಬಲ್ಲದು.

ಬೌದ್ಧರಲ್ಲಿ ಸೃಷ್ಟಿಕರ್ತನಿಗೆ ಸ್ಥಾನವಿಲ್ಲ. ಅಲ್ಲಿ ಕೃತಜ್ಞತೆ ಉಪಕಾರ ಮಾಡಿದ ಮನುಷ್ಯರತ್ತ ತಿರುಗುತ್ತದೆ ಮತ್ತು ಮಾತಿನಲ್ಲಿ ನಿಲ್ಲದೆ ನಡತೆಯಾಗಬೇಕಾಗುತ್ತದೆ. ಬುದ್ಧನ ಉಪದೇಶವಾದ ಮಂಗಳ ಸುತ್ತ ಕೃತಜ್ಞತೆಯನ್ನು ಉತ್ತಮ ಮಂಗಳಗಳಲ್ಲಿ ಎಣಿಸಿದೆ. ತಂದೆತಾಯಿಯನ್ನು ನೂರು ವರ್ಷ ಹೆಗಲ ಮೇಲೆ ಹೊತ್ತು ಸೇವೆ ಮಾಡಿದರೂ ಋಣ ತೀರದು, ಅವರನ್ನು ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆಗಳಲ್ಲಿ ನೆಲೆಗೊಳಿಸಿದವನು ಮಾತ್ರ ಅದನ್ನು ತೀರಿಸಿದಂತೆ ಎಂದು ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯ ಹೇಳುತ್ತದೆ. ವೃದ್ಧ ತಂದೆತಾಯಿಯೊಂದಿಗೆ ಬಾಳುವವರಿಗೆ ಇದಕ್ಕಿಂತ ನೇರವಾದ ಬೋಧನೆ ನನಗೆ ಕಂಡಿಲ್ಲ.

ಐಹೊಳೆಯ ಮೇಗುಟಿ ಗುಡ್ಡದಲ್ಲಿ ಪ್ರಾಚೀನ ಬೌದ್ಧ ನೆಲೆಯಿದ್ದರೂ ಅದು ಈಗ ಸ್ಮಾರಕವಷ್ಟೇ. ಬೆಳಗಾವಿಯಾದರೋ 1953ರಿಂದ ಕ್ಯಾಥೊಲಿಕ್ ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಆಡಳಿತಕ್ಕೊಳಪಟ್ಟ ಪ್ರದೇಶ) ಕೇಂದ್ರವಾಗಿದೆ. ಆದರೂ ಆಯ್ಕೆ ನಿಲ್ಲುವುದು ಅವರವರ ನಂಬಿಕೆಯ ಮೇಲೆ. ದೇವರಲ್ಲಿ ಭರವಸೆಯುಳ್ಳವರು ರಾತ್ರಿಯ ಆತ್ಮಪರೀಕ್ಷೆಯಿಂದ, ಆ ಭರವಸೆ ಇಲ್ಲದವರು ಉಪಕಾರಿಗಳ ಸ್ಮರಣೆ ಮತ್ತು ಸೇವೆಯಿಂದ ಆರಂಭಿಸುವುದು ಸೂಕ್ತ.