ಡಬ್ಬಿ ಮಾತಾಡಿದ ಮೇಲೇ ಸಾಮಾನು: ಅಂಗಡಿಯಲ್ಲಿ ಏಳು ವರ್ಷದ ಫೋನ್ ಪಾವತಿ

ತುಮಕೂರಿನ ಶಿರಾಗೇಟ್ ಹತ್ತಿರ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಬೆಳಿಗ್ಗೆ ಐದೂವರೆಗೆ ನಂದಿನಿ ಹಾಲಿನ ಕ್ರೇಟ್ ಇಳಿಯುತ್ತದೆ, ರಾತ್ರಿ ಒಂಬತ್ತೂವರೆಗೆ ಷಟರ್ ಎಳೆಯುತ್ತೇವೆ. ಅಷ್ಟರಲ್ಲಿ ನೂರೈವತ್ತು ಜನ ಬಂದು ಹೋಗಿರುತ್ತಾರೆ. ನಾನು, ನಮ್ಮ ಯಜಮಾನರು, ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಅತ್ತೆ, ಹೀಗೆ ಮೂವರು ಸರದಿಯಲ್ಲಿ ಕೂರುತ್ತೇವೆ. 2018ರ ಜೂನ್‌ನಲ್ಲಿ ಮೊದಲ ಕ್ಯೂಆರ್ ಕೋಡ್ ಅಂಟಿಸಿದ್ದು. ಈಗ ನೂರು ರೂಪಾಯಿ ವ್ಯಾಪಾರವಾದರೆ ಎಪ್ಪತ್ತು ರೂಪಾಯಿ ಫೋನಿನಲ್ಲೇ ಬರುತ್ತದೆ.

ನಮ್ಮ ಕಡೆ ಯಾವ ಆ್ಯಪ್ ಇಟ್ಟುಕೊಂಡಿದ್ದರೂ ಜನ ಕೇಳುವುದು ಒಂದೇ ಮಾತು, "ಫೋನ್‌ಪೇ ಮಾಡ್ಲಾ ಅಕ್ಕಾ?" ಅವರ ಕೈಯಲ್ಲಿ ಗೂಗಲ್ ಪೇ ಇರಬಹುದು, ಪೇಟಿಎಂ ಇರಬಹುದು, ಭೀಮ್ ಇರಬಹುದು. ಎಲ್ಲದರ ಕೆಳಗೆ ಓಡುವುದು ಯುಪಿಐ. ಹಾಗಾಗಿ ಯಾವ ಆ್ಯಪ್ ಮೇಲು ಅನ್ನುವ ಮಾತಿಗೆ ನಾನು ಹೋಗುವುದಿಲ್ಲ. ಗಲ್ಲಾದ ಹಿಂದೆ ಕೂತವಳಿಗೆ ಇದೆಲ್ಲ ಹೇಗೆ ಕಂಡಿತು ಅನ್ನುವುದನ್ನಷ್ಟೇ ಬರೆಯುತ್ತೇನೆ.

ಇಷ್ಟು ವರ್ಷದಲ್ಲಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ದುಡ್ಡು ಮುಟ್ಟಿತು ಅನ್ನುವುದು ಕೊಟ್ಟವರಿಗೂ ತಗೊಂಡವರಿಗೂ ಒಂದೇ ಗಳಿಗೆಯಲ್ಲಿ ಗೊತ್ತಾಗಬೇಕು. ನೋಟಿನಲ್ಲಿ ಅದು ತಾನಾಗೇ ಆಗುತ್ತದೆ, ಕೈಯಿಂದ ಕೈಗೆ ಹೋಗುತ್ತದಲ್ವಾ? ಫೋನಿನಲ್ಲಿ ಆ ಹಂತಕ್ಕೆ ಬರಲು ನಮಗೆ ಮೂರು ವರ್ಷ ಹಿಡಿಯಿತು.

ಯುಪಿಐ ಆ್ಯಪ್‌ಗಳು ಜನರ ಕೈಗೆ ಬಂದದ್ದು 2016ರ ಆಗಸ್ಟ್‌ನಲ್ಲಿ. ಆಮೇಲೆ ನವೆಂಬರ್ 8ಕ್ಕೆ ಐನೂರು, ಸಾವಿರದ ನೋಟು ರದ್ದಾಯಿತು. ಆಗ ನಾವು ಬಳಸಿದ್ದು ಸಾಲದ ಪುಸ್ತಕವನ್ನೇ. ನಮ್ಮನ್ನು ಫೋನಿನ ಕಡೆ ತಳ್ಳಿದ್ದು ಚಿಲ್ಲರೆ ಸಮಸ್ಯೆ. ಹತ್ತು ರೂಪಾಯಿಯ ಬಿಸ್ಕತ್ತಿಗೆ ಹಾಸ್ಟೆಲ್ ಹುಡುಗರು ಐನೂರರ ನೋಟು ತರುತ್ತಿದ್ದರು. ಎರಡು ರೂಪಾಯಿ ವಾಪಸ್ ಕೊಡಲಾಗದೆ ಚಾಕೊಲೇಟ್ ಕೊಟ್ಟು ಕಳಿಸಿದ್ದು ಲೆಕ್ಕವಿಲ್ಲ. ಅದು ನನಗೆ ಯಾವತ್ತೂ ಸರಿ ಅನ್ನಿಸಿರಲಿಲ್ಲ. ಅವರ ದುಡ್ಡು ಅವರಿಗೆ ಹೋಗಬೇಕು.

ಬ್ಯಾಗ್ ಹಾಕಿಕೊಂಡ ಹುಡುಗನೊಬ್ಬ ಬಂದು ಕ್ಯೂಆರ್ ಕೋಡ್ ಅಂಟಿಸಿ ಹೋದ. ಅದಕ್ಕೆ ಕಾಸು ಕೇಳಲಿಲ್ಲ. ಬೇರೆ ದೇಶಗಳಲ್ಲಿ ಫೋನನ್ನು ಮೆಷಿನ್‌ಗೆ ತಾಗಿಸಿ ದುಡ್ಡು ಕೊಡುವುದು ಹಬ್ಬಿತು, ನಮ್ಮಲ್ಲಿ ಸ್ಕ್ಯಾನ್ ಮಾಡುವುದು ಹಬ್ಬಿತು. ಇದರ ಕಾರಣ ಆ ಕಾಗದದಲ್ಲೇ ಇದೆ ಅಂತ ನನ್ನ ಅನಿಸಿಕೆ. ತಾಗಿಸಿ ಕೊಡಬೇಕಾದರೆ ಗಿರಾಕಿಯ ಫೋನಿನಲ್ಲಿ ಎನ್‌ಎಫ್‌ಸಿ ಅನ್ನುವ, ಹತ್ತಿರದ ಮೆಷಿನ್ ಜೊತೆ ಮಾತಾಡುವ ಚಿಪ್ ಇರಬೇಕು, ಅಂಗಡಿಯವರ ಹತ್ತಿರ ಮೆಷಿನ್ ಇರಬೇಕು. ಸ್ಕ್ಯಾನ್‌ಗೆ ಬೇಕಾದದ್ದು ಒಂದು ಕ್ಯಾಮೆರಾ, ಒಂದು ಸ್ಟಿಕ್ಕರ್. ಏಳೆಂಟು ಸಾವಿರದ ಫೋನಿನಲ್ಲೂ ಕ್ಯಾಮೆರಾ ಇರುತ್ತದೆ. 2020ರ ಜನವರಿ 1ರಿಂದ ಯುಪಿಐ ಮೇಲೆ ವ್ಯಾಪಾರಿಗಳಿಂದ ಕಮಿಷನ್ ಹಿಡಿಯುವ ಹಾಗಿಲ್ಲ ಅಂತಲೂ ಆಯಿತು. ಹಾಲಿನ ಪ್ಯಾಕೆಟ್‌ನಲ್ಲಿ ನಮಗೆ ಉಳಿಯುವುದೇ ಪೈಸೆ ಲೆಕ್ಕದಲ್ಲಿ. ಅದರಲ್ಲೂ ಪಾಲು ಕೊಡಬೇಕಾಗಿದ್ದರೆ ಆ ಸ್ಟಿಕ್ಕರನ್ನು ಅವತ್ತೇ ಕಿತ್ತುಹಾಕುತ್ತಿದ್ದೆವು.

ಮೊದಲ ಎರಡು ವರ್ಷ ಕಷ್ಟವೇ. ಕೋಡ್ ನನ್ನ ಉಳಿತಾಯ ಖಾತೆಗೆ ಜೋಡಿಸಿದ್ದರು. ಐದು ರೂಪಾಯಿ, ಹತ್ತು ರೂಪಾಯಿ, ಒಂದೊಂದೂ ಬೇರೆ ಎಂಟ್ರಿ. ಮೂರು ತಿಂಗಳಿಗೆ ಪಾಸ್‌ಬುಕ್ ಮುಗಿಯುತ್ತಿತ್ತು. ಆಮೇಲೆ ವ್ಯಾಪಾರಿಗಳ ಕೋಡ್ ತಗೊಂಡ ಮೇಲೆ ದಿನದ ವ್ಯಾಪಾರ ಒಟ್ಟಿಗೆ ಒಂದೇ ಮೊತ್ತವಾಗಿ ಖಾತೆಗೆ ಬೀಳತೊಡಗಿತು. ಅದಕ್ಕಿಂತ ದೊಡ್ಡ ತಲೆನೋವು ಮೆಸೇಜ್. ಗಿರಾಕಿ ಫೋನ್ ತೋರಿಸಿ "ಹೋಯ್ತು ಅಕ್ಕಾ" ಅನ್ನುತ್ತಾರೆ. ನನ್ನ ಫೋನಿಗೆ ಮೆಸೇಜ್ ಬಂದಿರುವುದಿಲ್ಲ. ಹಿಂದೆ ನಾಲ್ಕು ಜನ ನಿಂತಿರುತ್ತಾರೆ. ನಂಬಿ ಕಳಿಸಿದರೆ ರಾತ್ರಿ ಲೆಕ್ಕಕ್ಕೆ ಕೂತಾಗ ನೂರಿನ್ನೂರು ಕಡಿಮೆ. ನಿಲ್ಲಿಸಿಕೊಂಡರೆ ಅವರಿಗೆ ಬೇಜಾರು. ದಿನಾ ಬರುವವರ ಮೇಲೆ ಸುಮ್ನೆ ಅನುಮಾನ ಪಡುವುದು ಎಷ್ಟು ಹಿಂಸೆ ಅಂತ ಅಂಗಡಿ ಇಟ್ಟವರಿಗೇ ಗೊತ್ತು.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ನಮ್ಮಂಥ ದಿನಸಿ ಅಂಗಡಿ ತೆಗೆಯಬಹುದಿತ್ತು. ನೋಟು ಮುಟ್ಟಲು ಎಲ್ಲರಿಗೂ ಭಯ. ಒಬ್ಬರು ನೋಟನ್ನು ಕವರಿನಲ್ಲಿ ಹಾಕಿ ಮೆಟ್ಟಿಲ ಮೇಲಿಟ್ಟು ದೂರ ಹೋಗಿ ನಿಲ್ಲುತ್ತಿದ್ದರು. ನಾನು ಕೋಡನ್ನು ಕಿತ್ತು ರಟ್ಟಿಗೆ ಅಂಟಿಸಿ ಹೊರಗಿನ ಕಂಬಕ್ಕೆ ಕಟ್ಟಿದೆ. ಅಲ್ಲಿಯವರೆಗೆ ಫೋನ್ ಪಾವತಿ ಅಂದರೆ ಹುಡುಗರದ್ದು ಅಂದುಕೊಂಡಿದ್ದವರೂ ಆ ಎರಡು ತಿಂಗಳಲ್ಲಿ ಕಲಿತರು. ಅಂತರಸನಹಳ್ಳಿ ಮಾರುಕಟ್ಟೆಯಿಂದ ತರಕಾರಿ ತಂದುಕೊಡುವ ಆಟೋದವರೂ ಕಲಿತರು. ಭಯ ಹೋದ ಮೇಲೂ ಯಾರೂ ನೋಟಿಗೆ ಪೂರ್ತಿ ವಾಪಸ್ ಹೋಗಲಿಲ್ಲ.

ಇನ್ನು ಡಬ್ಬಿಯ ವಿಷಯ. 2021ರ ದೀಪಾವಳಿ ಹೊತ್ತಿಗೆ ಸೌಂಡ್ ಬಾಕ್ಸ್ ತಗೊಂಡೆವು. ಒಳಗೆ ಅದರದ್ದೇ ಸಿಮ್, ಅದರದ್ದೇ ಬ್ಯಾಟರಿ. ನನ್ನ ಫೋನ್ ಮನೆಯಲ್ಲಿದ್ದರೂ, ಸ್ವಿಚ್ ಆಫ್ ಆಗಿದ್ದರೂ ದುಡ್ಡು ಬಂದ ತಕ್ಷಣ ಎಷ್ಟು ಅಂತ ಕನ್ನಡದಲ್ಲಿ ಕೂಗಿ ಹೇಳುತ್ತದೆ. ಇಷ್ಟೇ ಅದರ ಕೆಲಸ. ಆದರೆ ಅಂಗಡಿಯ ನಡೆಯನ್ನೇ ಬದಲಿಸಿದ್ದು ಇದು. ನಾನು ತೊಗರಿಬೇಳೆ ತೂಗುತ್ತಿರುತ್ತೇನೆ, ಬೆನ್ನ ಹಿಂದೆ "ಅರವತ್ತೆರಡು ರೂಪಾಯಿ" ಅನ್ನುತ್ತದೆ, ಕೊಟ್ಟವರೂ ಕೇಳಿಸಿಕೊಂಡು ಹೊರಡುತ್ತಾರೆ. "ಬಂತಾ?" "ಬಂತು" ಅನ್ನುವ ಮಾತೇ ಬೇಕಿಲ್ಲ.

ನಮ್ಮ ಅತ್ತೆಗೆ ಓದು ಬರಹ ಬರುವುದಿಲ್ಲ. ಲೆಕ್ಕದಲ್ಲಿ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ಕ್ಯೂಆರ್ ಬಂದ ಮೇಲೆ ಅವರು ಮಧ್ಯಾಹ್ನ ಕೂರುವುದನ್ನೇ ಬಿಟ್ಟಿದ್ದರು. "ಅವರು ಏನೋ ತೋರಿಸ್ತಾರೆ, ನನಗೇನು ತಿಳೀತದೆ" ಅನ್ನುತ್ತಿದ್ದರು. ಡಬ್ಬಿ ಬಂದ ವಾರಕ್ಕೆ ತಾವಾಗೇ ಬಂದು ಕೂತರು. ಒಂದು ಮಧ್ಯಾಹ್ನ ನಾನು ಒಳಗೆ ಅಕ್ಕಿ ಚೀಲ ಬಿಚ್ಚುತ್ತಿದ್ದೆ. ಪರಿಚಯವಿಲ್ಲದ ಹುಡುಗನೊಬ್ಬ ಎರಡು ಲೀಟರ್ ಎಣ್ಣೆ, ಒಂದು ಕೇಜಿ ಸಕ್ಕರೆ ತಗೊಂಡ. ಫೋನ್ ಮುಂದೆ ಹಿಡಿದ. ಹಸಿರು ಬಣ್ಣ, ಟಿಕ್ ಗುರುತು, ಮೊತ್ತ, ನಮ್ಮ ಅಂಗಡಿ ಹೆಸರು ಎಲ್ಲ ಇತ್ತು. ಅವನ ಫೋನು ಟಿಣ್ ಅಂತ ಸದ್ದನ್ನೂ ಮಾಡಿತು. ಅತ್ತೆ ಒಂದು ಕೈಯನ್ನು ಎಣ್ಣೆ ಪ್ಯಾಕೆಟ್ ಮೇಲೆ, ಇನ್ನೊಂದನ್ನು ಡಬ್ಬಿ ಮೇಲೆ ಇಟ್ಟುಕೊಂಡು ಕೂತಿದ್ದರು.

"ಹೋಗಿದೆ ನೋಡಜ್ಜಿ, ಸಕ್ಸಸ್ ಅಂತ ಬಂದಿದೆ."

"ಅದು ನಿನ್ನ ಫೋನು ಕಣಪ್ಪಾ. ನನ್ನ ಡಬ್ಬಿ ಇನ್ನೂ ಮಾತಾಡಿಲ್ಲ."

ಎರಡು ನಿಮಿಷ ಕಾದರು. ಹುಡುಗ "ನೆಟ್‌ವರ್ಕ್ ಇಲ್ಲ, ಎಟಿಎಂಗೆ ಹೋಗಿ ಬರ್ತೀನಿ" ಅಂದವನು ಮತ್ತೆ ಬರಲಿಲ್ಲ. ಹೀಗೆ ಪಾವತಿ ಆದ ಹಾಗೆ ತೋರಿಸುವ ನಕಲಿ ಆ್ಯಪ್‌ಗಳಿವೆ ಅಂತ ನನಗೆ ಆಮೇಲೆ ತಿಳಿಯಿತು. ಅವತ್ತು ನಾನೇ ಕೂತಿದ್ದರೆ ಆ ಹಸಿರು ಟಿಕ್ ನೋಡಿ ಕೊಟ್ಟು ಕಳಿಸುತ್ತಿದ್ದೆ.

ಡಬ್ಬಿಯಲ್ಲೂ ತಪ್ಪುಗಳಿವೆ. ತಿಂಗಳ ಬಾಡಿಗೆ ನೂರು ಚಿಲ್ಲರೆ, ಕೇಳದೆ ಹಿಡಿದುಕೊಳ್ಳುತ್ತಾರೆ. ನೆಟ್‌ವರ್ಕ್ ಸೊರಗಿದಾಗ ಐದು ನಿಮಿಷ ಸುಮ್ಮನಿದ್ದು ಆಮೇಲೆ ನಾಲ್ಕು ಮೊತ್ತವನ್ನು ಒಟ್ಟಿಗೆ ಹೇಳುತ್ತದೆ. ಯಾವುದು ಯಾರದ್ದು ಅಂತ ತಿಳಿಯುವುದಿಲ್ಲ. ಸಿಮ್ ಬದಲಿಸೋಣ ಅಂದರೆ ನಮ್ಮ ಕೈಯಲ್ಲಿಲ್ಲ.

ಟ್ಯಾಪ್ ಮಾಡಿ ಕೊಡುವುದನ್ನೂ ಬಳಸಿದ್ದೇನೆ. 2023ರಲ್ಲಿ ತಗೊಂಡ ಫೋನಿನಲ್ಲಿ ಎನ್‌ಎಫ್‌ಸಿ ಇತ್ತು, ಮಗ ಕಾರ್ಡ್ ಸೇರಿಸಿಕೊಟ್ಟ. ಬಿ.ಎಚ್. ರಸ್ತೆಯ ಪೆಟ್ರೋಲ್ ಬಂಕಿನಲ್ಲಿ, ಔಷಧಿ ಅಂಗಡಿಯಲ್ಲಿ ನಡೆಯುತ್ತದೆ. ಫೋನ್ ಲಾಕ್ ತೆಗೆದು ಮೆಷಿನ್‌ಗೆ ನಾಲ್ಕು ಸೆಂಟಿಮೀಟರ್ ಹತ್ತಿರ ಹಿಡಿದರೆ ಸಾಕು. ಕಾರ್ಡ್ ನಂಬರ್ ಅಂಗಡಿಯವರಿಗೆ ಹೋಗುವುದಿಲ್ಲ, ಅದರ ಬದಲು ಟೋಕನ್ ಅನ್ನುವ ಬೇರೆ ನಂಬರ್ ಹೋಗುತ್ತದೆ. ಬರೀ ಕಾರ್ಡನ್ನು ತಾಗಿಸಿದರೂ 2021ರ ಜನವರಿಯಿಂದ 5,000 ರೂಪಾಯಿವರೆಗೆ ಪಿನ್ ಬೇಡ. ಮೊದಲು ಅದು 2,000 ಇತ್ತು. ನಿಜ ಹೇಳಬೇಕೆಂದರೆ ಸ್ಕ್ಯಾನ್‌ಗಿಂತ ಇದು ಬೇಗ. ಬೀಪ್ ಸದ್ದು ಬರುತ್ತದೆ, ಚೀಟಿ ಬರುತ್ತದೆ, ಇಬ್ಬರಿಗೂ ಖಾತ್ರಿ. ಆದರೂ ಎರಡು ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ಸಲ ಬಳಸಿರಬಹುದು. ಮಂಡಿಪೇಟೆಯಲ್ಲಿ ನಾವು ಸಗಟು ಸಾಮಾನು ತರುವ ಅಂಗಡಿಗಳಲ್ಲಿ ಆ ಮೆಷಿನ್ ಇಲ್ಲ, ಎಳನೀರಿನವರ ಹತ್ತಿರ ಇಲ್ಲ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕೊಡೋಣ ಅಂದರೂ ಅಲ್ಲಿ ಎದುರಿಗಿದ್ದದ್ದು ಕ್ಯೂಆರ್.

ಸಣ್ಣ ಮೊತ್ತಕ್ಕೆ ನನ್ನ ಮೆಚ್ಚಿನದು ಯುಪಿಐ ಲೈಟ್, ಅಂದರೆ ಮೊದಲೇ ದುಡ್ಡು ಹಾಕಿಟ್ಟುಕೊಳ್ಳುವ, ಆ್ಯಪ್ ಒಳಗಿನ ಸಣ್ಣ ಪರ್ಸ್. ಪಿನ್ ಒತ್ತಬೇಕಿಲ್ಲ. 2022ರಲ್ಲಿ ಬಂದಾಗ ಒಂದು ಸಲಕ್ಕೆ 200 ರೂಪಾಯಿ ಮಿತಿ ಇತ್ತು. ಆಮೇಲೆ 500 ಆಯಿತು, 2024ರ ಕೊನೆಗೆ 1,000 ಮಾಡಿದರು. ಒಳಗೆ ಒಟ್ಟು 5,000 ಇಟ್ಟುಕೊಳ್ಳಬಹುದು. ಹೂವು, ಸೊಪ್ಪು, ಕಾಫಿಗೆ ಇದೇ ಸಾಕು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೂ ಈಗ ಸ್ಕ್ಯಾನ್ ಇದೆ. ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ಉಚಿತ, ನಮ್ಮ ಯಜಮಾನರಿಗೆ ಉಪಯೋಗವಾಗಿದೆ. ಟಿಕೆಟ್ ಹಿಂದೆ ಕಂಡಕ್ಟರ್ ಬರೆದುಕೊಟ್ಟ ಚಿಲ್ಲರೆ ಬಾಕಿಯನ್ನು ಇಳಿಯುವ ಹೊತ್ತಿಗೆ ನೆನಪಿಟ್ಟು ಕೇಳುವ ಕಷ್ಟ ತಪ್ಪಿತು.

ಈಗ ನನಗೆ ತುಂಬಾ ನೋವು ಕೊಟ್ಟ ವಿಷಯ. ಹೋದ ವರ್ಷ ಒಬ್ಬರು ಬಂದು 1,850 ರೂಪಾಯಿ ಸಾಮಾನು ತಗೊಂಡು ಫೋನಿನಲ್ಲಿ ಕೊಟ್ಟರು. ಡಬ್ಬಿ ಹೇಳಿತು, ದುಡ್ಡೂ ಖಾತೆಗೆ ಬಂತು. ಮೂರು ವಾರದ ನಂತರ ಮಂಡಿಯವರಿಗೆ ಕೊಡಲು ಹೋದರೆ ನನ್ನ ಖಾತೆಯಿಂದ ಒಂದು ರೂಪಾಯಿಯೂ ಹೊರಡುತ್ತಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಸೈಬರ್ ಕ್ರೈಂ ಕಡೆಯಿಂದ ಹೋಲ್ಡ್ ಆಗಿದೆ" ಅಂದರು. ಯಾರನ್ನೋ ಮೋಸ ಮಾಡಿ ಹೊಡೆದ ದುಡ್ಡು ನಾಲ್ಕು ಕೈ ದಾಟಿ ಆ ಗಿರಾಕಿಯಿಂದ ನನಗೆ ಬಂದಿತ್ತಂತೆ. ದೂರು ಇದ್ದದ್ದು ಬೇರೆ ರಾಜ್ಯದಲ್ಲಿ. 1,850 ರೂಪಾಯಿಗೆ ಖಾತೆಯ ಪೂರ್ತಿ ದುಡ್ಡು ನಿಲ್ಲಿಸಿದ್ದು ಯಾವ ನ್ಯಾಯ? ಬಿಲ್ ಪುಸ್ತಕ, ಅಂಗಡಿ ಲೈಸೆನ್ಸ್, ಅರ್ಜಿ ಎಲ್ಲ ಹಿಡಿದು ಒಂಬತ್ತು ಸಲ ಬ್ಯಾಂಕಿಗೆ ಓಡಾಡಿದೆ. ಖಾತೆ ಬಿಡುವಷ್ಟರಲ್ಲಿ ನಲವತ್ತೊಂದು ದಿನ ಆಯಿತು. ಆ ದಿನಗಳಲ್ಲಿ ಮಗಳ ಕಾಲೇಜು ಫೀಸಿಗೆ ನಾದಿನಿಯ ಹತ್ತಿರ ಸಾಲ ತಗೊಂಡೆ. ಮೋಸ ಹೋದವರ ದುಡ್ಡು ಅವರಿಗೆ ಸಿಗಬೇಕು, ಅದಕ್ಕೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ತಕ್ಷಣ ಹೀಗೆ ತಡೆಯುವ ವ್ಯವಸ್ಥೆ ಇರುವುದೂ ಸರಿಯೇ. ಆದರೆ ಸಾಮಾನು ಮಾರಿದವರ ಖಾತೆಯಲ್ಲಿ ಆ ಮೊತ್ತವನ್ನಷ್ಟೇ ತಡೆದು ಉಳಿದದ್ದನ್ನು ಬಿಡಬೇಕು.

ಅಂಗಡಿ ಇಟ್ಟಿರುವ ಎಲ್ಲರಿಗೂ ಇದೊಂದು ಮಾತು ಹೇಳುತ್ತೇನೆ. ಕ್ಯೂಆರ್‌ಗೆ ಬೇರೆ ಖಾತೆ ಮಾಡಿಸಿ. ಮನೆ ಖರ್ಚಿನ ದುಡ್ಡು ಅದರಲ್ಲಿ ಇರಬಾರದು. ನಾನು ಈಗ ದಿನಾ ರಾತ್ರಿ ಲೆಕ್ಕ ಮುಗಿಸಿದ ಮೇಲೆ ಬೇರೆ ಖಾತೆಗೆ ಹಾಕಿಕೊಳ್ಳುತ್ತೇನೆ. ದೊಡ್ಡ ಮೊತ್ತದ ಬಿಲ್ ಆದರೆ ಒಂದು ಪ್ರತಿ ಇಟ್ಟುಕೊಳ್ಳುತ್ತೇನೆ.

2025ರ ಜುಲೈನಲ್ಲಿ ಇನ್ನೊಂದು ಗಾಬರಿ. ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿದೆ ಅಂತ ಸುದ್ದಿಯಾಯಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದರು, ನಮ್ಮ ಸಾಲಿನಲ್ಲೂ ಇಬ್ಬರು ಕೋಡ್ ಒಳಗಿಟ್ಟರು. ನಾವು ಆಡಿಟರ್ ಹತ್ತಿರ ಕೂತು ನೋಡಿದೆವು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ, ನಮ್ಮದು ಅದರ ಒಳಗೇ ಇದೆ. ನಾವು ಕೋಡ್ ತೆಗೆಯಲಿಲ್ಲ. ಬರೆದಿಟ್ಟ ಲೆಕ್ಕ ಇದ್ದದ್ದರಿಂದಲೇ ಆ ಧೈರ್ಯ ಬಂತು.

ಗಲ್ಲಾದಲ್ಲಿ ಎರಡು ಸಾವಿರದಷ್ಟು ಚಿಲ್ಲರೆ ಯಾವಾಗಲೂ ಇರಲಿ. 2025ರ ಏಪ್ರಿಲ್ 12, ಶನಿವಾರ, ದೇಶದಲ್ಲೆಲ್ಲ ಯುಪಿಐ ಕೈಕೊಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಪೂರ್ತಿ ಮೌನ. ಹಳೇ ಸಾಲದ ಪುಸ್ತಕ ತೆಗೆದು ಇಪ್ಪತ್ತಮೂರು ಹೆಸರು ಬರೆದೆ. ಮಂಗಳವಾರದೊಳಗೆ ಒಬ್ಬರನ್ನು ಬಿಟ್ಟು ಎಲ್ಲರೂ ಬಂದು ಕೊಟ್ಟರು.

ಈ ತಿಂಗಳು ಹಳೇ ಡಬ್ಬಿ ಕೊಟ್ಟು ಹೊಸದು ತಗೊಂಡಿದ್ದೇವೆ. ಇದರ ತಲೆಯ ಮೇಲೆ ಕಾರ್ಡ್ ಅಥವಾ ಫೋನ್ ತಾಗಿಸಿದರೂ ದುಡ್ಡು ಬರುತ್ತದೆ. ಕ್ರೆಡಿಟ್ ಕಾರ್ಡ್ ಆದರೆ ನಮ್ಮಿಂದ ಸ್ವಲ್ಪ ಕಡಿತ ಇದೆ, ಅದನ್ನು ತಿಳಿದೇ ತಗೊಂಡೆವು. ಮೊನ್ನೆ ಮಧ್ಯಾಹ್ನ ಕಾಲೇಜಿನ ಮೇಡಂ ಒಬ್ಬರು ಬಂದು ಫೋನನ್ನು ಅದಕ್ಕೆ ತಾಗಿಸಿದರು. ಸ್ಕ್ಯಾನ್ ಮಾಡಲಿಲ್ಲ, ಪರದೆ ತೋರಿಸಲಿಲ್ಲ. ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಡಬ್ಬಿ "ನೂರಾ ಹತ್ತು ರೂಪಾಯಿ" ಅಂದಿತು. ಅತ್ತೆ ತಲೆ ಎತ್ತದೆ ಬೆಲ್ಲದ ಪೊಟ್ಟಣವನ್ನು ಅವರ ಕಡೆ ಸರಿಸಿದರು.